ಮಾತಿಗೂ ತುತ್ತಿಗೂ ಒಂದೇ ಹಾದಿ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ಯಾರೂ ಇರಲಾರರು. ಹಿರಿಯರು ಊಟವನ್ನೂ ಮಾತನ್ನೂ ಒಟ್ಟಿಗೆ ಹೇಳಿದ್ದು ಎರಡರಲ್ಲಿಯೂ ಹಿತಮಿತವಿರಬೇಕೆಂಬ ಬುದ್ಧಿವಾದಕ್ಕಾಗಿ. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಈ ಎರಡನ್ನೂ ಒಟ್ಟಿಗೆ ಕಾಯುವುದನ್ನೇ ವೃತ್ತಿಯಾಗಿಸಿಕೊಂಡವರಿದ್ದಾರೆ. ಅವರನ್ನು ವಾಕ್ ಚಿಕಿತ್ಸಕರೆಂದು ಕರೆಯುತ್ತಾರೆ. ಈ ವೃತ್ತಿಯಲ್ಲಿ ಸ್ತ್ರೀಯರ ಸಂಖ್ಯೆಯೇ ಹೆಚ್ಚು.

ವಾಕ್ ಚಿಕಿತ್ಸಕಿ ಎಂದೊಡನೆ ಜನರ ಕಣ್ಣ ಮುಂದೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಚಿತ್ರ. ತೊದಲುವ ಮಗುವನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು ‘ರ’ಕಾರ, ‘ಳ’ಕಾರಗಳನ್ನು ತಿದ್ದುತ್ತಿರುವ ಉಪಾಧ್ಯಾಯಿನಿಯ ಚಿತ್ರ ಅದು. ಚಿತ್ರ ಸುಳ್ಳಲ್ಲ, ಅಂಥ ಕೆಲಸವೂ ಉಂಟು. ಆದರೆ ಆಸ್ಪತ್ರೆಯ ಚಿಕಿತ್ಸಕಿಯ ದಿನ ಆರಂಭವಾಗುವುದು ಬಹುಮಟ್ಟಿಗೆ ಬೇರೊಂದು ಕಡೆ. ಹಿಂದಿನ ರಾತ್ರಿ ಲಕ್ವ ಹೊಡೆದು ಬಂದು ಮಲಗಿರುವ ರೋಗಿಯ ಮಂಚದ ಪಕ್ಕದಲ್ಲಿ ಆಕೆ ನಿಲ್ಲುತ್ತಾಳೆ. ಕೈಯಲ್ಲಿ ಪುಸ್ತಕವಿಲ್ಲ, ಚಿತ್ರಪಟವಿಲ್ಲ. ಒಂದು ಚಮಚ ಮತ್ತು ಒಂದು ಲೋಟ ನೀರು ಇವೆ. ರೋಗಿಯ ಮನೆಯವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. “ಮಾತು ಹೋಗಿದೆ ಎಂದು ಇವರನ್ನು ಕರೆಸಿದರೆ, ಇವರು ನೀರು ಕುಡಿಸಲು ಬಂದಿದ್ದಾರಲ್ಲ!” ಎಂದು ಅವರು ಮುಖ ಮುಖ ನೋಡಿಕೊಳ್ಳುವುದುಂಟು.

ಮಾತಿನ ವೈದ್ಯೆಗೂ ನೀರಿನ ಲೋಟಕ್ಕೂ ಏನು ಸಂಬಂಧ? ಇದಕ್ಕೆ ಉತ್ತರ ನಮ್ಮ ಗಂಟಲಿನಲ್ಲಿಯೇ ಇದೆ.

ಗಂಟಲೆಂಬ ಕವಲುದಾರಿ

ಮೂಗಿನಿಂದ ಒಳಗಿಳಿಯುವ ಗಾಳಿಯೂ ಬಾಯಿಯಿಂದ ಒಳಗಿಳಿಯುವ ಅನ್ನವೂ ಗಂಟಲಿನಲ್ಲಿ ಸ್ವಲ್ಪ ದೂರ ಒಂದೇ ಹಾದಿಯಲ್ಲಿ ಸಾಗುತ್ತವೆ. ಅನಂತರ ಹಾದಿ ಕವಲೊಡೆಯುತ್ತದೆ. ಮುಂಭಾಗದ ಕವಲು ಶ್ವಾಸನಾಳ. ಹಿಂಭಾಗದ ಕವಲು ಅನ್ನನಾಳ. ಶ್ವಾಸನಾಳದ ಬಾಗಿಲಿನಲ್ಲಿ ಧ್ವನಿಪೆಟ್ಟಿಗೆಯಿದೆ. ಅದರೊಳಗಿನ ಎರಡು ಧ್ವನಿತಂತುಗಳು ಒಂದನ್ನೊಂದು ಸಮೀಪಿಸಿ, ಹೊರಬರುವ ಉಸಿರಿನಿಂದ ಕಂಪಿಸಿದಾಗ ಸ್ವರ ಹುಟ್ಟುತ್ತದೆ. ಆ ಸ್ವರವನ್ನು ನಾಲಗೆ, ತುಟಿ, ಅಂಗುಳಗಳು ತಿದ್ದಿ ತೀಡಿ ಅಕ್ಷರಗಳನ್ನಾಗಿ ಮಾಡುತ್ತವೆ.

ಈ ಧ್ವನಿತಂತುಗಳಿಗೆ ಮಾತಿಗಿಂತಲೂ ಹಳೆಯ ಕೆಲಸ ಇನ್ನೊಂದಿದೆ. ತುತ್ತು ಗಂಟಲಿಗೆ ಇಳಿದ ಕ್ಷಣದಲ್ಲಿ ಅವು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಎಲೆಯಾಕಾರದ ಮುಚ್ಚಳವೊಂದು ಅದರ ಮೇಲೆ ಬಾಗುತ್ತದೆ. ಉಸಿರು ಅರೆಕ್ಷಣ ನಿಲ್ಲುತ್ತದೆ. ಅನ್ನನಾಳದ ಬಾಯಿ ತೆರೆದು ತುತ್ತನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಮೂವತ್ತಕ್ಕೂ ಮಿಕ್ಕ ಸ್ನಾಯುಗಳು ಕ್ರಮ ತಪ್ಪದೆ ದುಡಿದರೆ ಮಾತ್ರ ಇದು ಸಾಧ್ಯ. ಗಂಟಲಿನಲ್ಲಿ ನಡೆಯುವ ಈ ಎಲ್ಲ ವ್ಯಾಪಾರಕ್ಕೂ ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡು! ಕನ್ನಡಿಯ ಮುಂದೆ ನಿಂತು ಗುಟುಕು ನೀರು ನುಂಗಿದರೆ ಕುತ್ತಿಗೆಯ ಮುಂಭಾಗದ ಗಂಟು ಮೇಲೇರಿ ಇಳಿಯುವುದನ್ನು ಯಾರಾದರೂ ನೋಡಬಹುದು.

ಒಮ್ಮೊಮ್ಮೆ ಈ ಕ್ರಮ ತಪ್ಪುತ್ತದೆ. ಊಟದ ನಡುವೆ ನಗುತ್ತಲೋ ಮಾತನಾಡುತ್ತಲೋ ಇರುವಾಗ ಅಗುಳೊಂದು ಶ್ವಾಸನಾಳದ ಕಡೆ ಹೊರಳುತ್ತದೆ. ಕೂಡಲೆ ಕೆಮ್ಮು ನುಗ್ಗಿ ಬಂದು ಅದನ್ನು ಹೊರದೂಡುತ್ತದೆ. ಇದನ್ನೇ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ತಾಯಿ ಮಗುವಿನ ನೆತ್ತಿಯನ್ನು ತಟ್ಟಿ, “ಯಾರೋ ನೆನೆಸಿಕೊಂಡರು” ಎಂದು ನಗುತ್ತಾಳೆ. ನೆತ್ತಿಗೂ ಅದಕ್ಕೂ ಸಂಬಂಧವಿಲ್ಲ. ಆ ಕೆಮ್ಮು ಮಾತ್ರ ಪ್ರಾಣವನ್ನು ಕಾಯುವ ಕಾವಲುಗಾರ.

ಕಾವಲುಗಾರನೇ ನಿದ್ರಿಸಿದರೆ? ಲಕ್ವದಲ್ಲಿ ಕೆಲವೊಮ್ಮೆ ಆಗುವುದು ಇದೇ. ಮಿದುಳಿಗೆ ರಕ್ತ ಹರಿಯುವುದು ನಿಂತಾಗ ಕೈಕಾಲುಗಳಂತೆ ಗಂಟಲೂ ಸೋಲುತ್ತದೆ, ಅದರ ಸ್ಪರ್ಶಜ್ಞಾನವೂ ಮಂಕಾಗುತ್ತದೆ. ಕುಡಿದ ನೀರು ಪುಪ್ಪುಸದ ಕಡೆ ಜಾರಿದರೂ ರೋಗಿಗೆ ಕೆಮ್ಮು ಬಾರದು. ಪಕ್ಕದಲ್ಲಿದ್ದವರು “ಚೆನ್ನಾಗಿ ಕುಡಿದರು” ಎಂದು ಸಂತೋಷಪಡುತ್ತಾರೆ. ಎರಡು ಮೂರು ದಿನಗಳಲ್ಲಿ ಜ್ವರ, ಏದುಸಿರು, ನ್ಯುಮೋನಿಯ. ಲಕ್ವದಿಂದ ಬದುಕಿ ಉಳಿದವರನ್ನು ಅನಂತರ ಬಲಿ ತೆಗೆದುಕೊಳ್ಳುವ ಕಾರಣಗಳಲ್ಲಿ ಈ ನ್ಯುಮೋನಿಯ ಮುಖ್ಯವಾದುದು.

ಮೊದಲ ಗುಟುಕಿನ ಪರೀಕ್ಷೆ

ಲಕ್ವ ತಗುಲಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆರಂಭದ ದಿನಗಳಲ್ಲಿ ನುಂಗುವುದರಲ್ಲಿ ತೊಂದರೆಯಿರುತ್ತದೆ. ಆದುದರಿಂದಲೇ ನುಂಗುವಿಕೆಯನ್ನು ಪರೀಕ್ಷಿಸುವವರೆಗೆ ಅಂಥವರಿಗೆ ಬಾಯಿಯ ಮೂಲಕ ಅನ್ನವನ್ನಾಗಲಿ, ನೀರನ್ನಾಗಲಿ, ಗುಳಿಗೆಯನ್ನಾಗಲಿ ಕೊಡಬಾರದೆಂಬ ನಿಯಮವನ್ನು ಆಸ್ಪತ್ರೆಗಳು ಪಾಲಿಸುತ್ತವೆ.

ಪರೀಕ್ಷೆಗೆ ಬರುವ ಚಿಕಿತ್ಸಕಿ ಮೊದಲು ರೋಗಿಗೆ ಎಚ್ಚರವಿದೆಯೇ ಎಂದು ನೋಡುತ್ತಾಳೆ. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಆಮೇಲೆ ಅವರನ್ನು ನೇರವಾಗಿ ಕೂರಿಸಿ, ತುಟಿ ಮುಚ್ಚಿಕೊಳ್ಳುವುದೇ, ನಾಲಗೆ ಎರಡೂ ಕಡೆ ಹೊರಳುವುದೇ, ಬೇಕೆಂದಾಗ ಕೆಮ್ಮಲು ಆಗುವುದೇ ಎಂದು ಪರಿಶೀಲಿಸುತ್ತಾಳೆ. ‘ಆ’ ಎಂದು ಸ್ವರ ಹಿಡಿಯಲು ಹೇಳಿ ಕಿವಿಗೊಡುತ್ತಾಳೆ. ಅನಂತರ ಒಂದು ಚಮಚ ನೀರು. ನುಂಗಿದ ಮೇಲೆ ಮತ್ತೊಮ್ಮೆ ‘ಆ’ ಎನ್ನಿಸುತ್ತಾಳೆ. ಮೊದಲು ಒಣಗಿದ್ದ ಸ್ವರ ಈಗ ನೀರಿನಲ್ಲಿ ಅದ್ದಿದಂತೆ ಗುಳುಗುಳು ಎಂದರೆ, ನೀರು ಧ್ವನಿತಂತುಗಳ ಮೇಲೆಯೇ ನಿಂತಿದೆಯೆಂದು ಅನುಮಾನಿಸಬೇಕು. ಸ್ವರವನ್ನು ಕೇಳಿ ಗಂಟಲಿನ ಸ್ಥಿತಿಯನ್ನು ಊಹಿಸುವ ಈ ಕಲೆ ಮಾತಿನ ಶಾಸ್ತ್ರವನ್ನು ಕಲಿತವರಿಗೇ ಒಲಿಯತಕ್ಕದ್ದು.

ಕಿವಿಯ ಸಾಕ್ಷ್ಯವೊಂದೇ ಸಾಲದೆಂದು ತೋರಿದಾಗ ಯಂತ್ರಗಳ ನೆರವು ಪಡೆಯಬೇಕಾಗುತ್ತದೆ. ಕ್ಷ-ಕಿರಣಕ್ಕೆ ಕಾಣುವಂಥ ಬೇರಿಯಮ್ ಎಂಬ ಪದಾರ್ಥವನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿ, ತುತ್ತು ಇಳಿಯುವ ಬಗೆಯನ್ನು ಚಲಿಸುವ ಚಿತ್ರವಾಗಿ ತೆಗೆಯುವುದು ಒಂದು ವಿಧಾನ. ಅಮೆರಿಕದ ಜೆರಿ ಲೋಗೆಮನ್ ಎಂಬ ಮಹಿಳೆ ಈ ವಿಧಾನವನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು. ನುಂಗುವಿಕೆಯ ದೋಷಗಳನ್ನು ಕುರಿತು ಅವರು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥ ಈ ವೃತ್ತಿಯ ದಿಕ್ಕನ್ನೇ ಬದಲಾಯಿಸಿತೆನ್ನಬಹುದು. ಮೂಗಿನ ಮೂಲಕ ತೆಳುವಾದ ದರ್ಶಕ ನಳಿಕೆಯನ್ನು ಇಳಿಸಿ ಗಂಟಲನ್ನು ನೇರವಾಗಿ ನೋಡುವ ಇನ್ನೊಂದು ವಿಧಾನ ೧೯೮೮ರಿಂದ ಬಳಕೆಗೆ ಬಂದಿತು. ಬೇರಿಯಮ್ ಚಿತ್ರದಲ್ಲಿ ಕಪ್ಪು ರೇಖೆಯೊಂದು ಸದ್ದಿಲ್ಲದೆ ಶ್ವಾಸನಾಳಕ್ಕೆ ಜಾರುವುದನ್ನು ಕಣ್ಣಾರೆ ಕಂಡ ಬಂಧುಗಳು ಅನಂತರ ಚಿಕಿತ್ಸಕಿಯ ಮಾತನ್ನು ಮೀರುವುದು ಅಪರೂಪ.

ಅಡಿಗೆಮನೆಯ ಅಳತೆಗಳು

ನೀರು ತೊಂದರೆ ಕೊಡುವುದಾದರೆ ಗಟ್ಟಿ ಪದಾರ್ಥ ಇನ್ನೆಷ್ಟು ತೊಂದರೆ ಕೊಟ್ಟೀತು ಎಂದು ಮನೆಯವರು ತರ್ಕಿಸುತ್ತಾರೆ. ಅನೇಕರ ವಿಷಯದಲ್ಲಿ ನಿಜಸ್ಥಿತಿ ಇದಕ್ಕೆ ವಿರುದ್ಧ. ನೀರು ಅತಿವೇಗವಾಗಿ ಹರಿಯುತ್ತದೆ. ಸೋತ ಗಂಟಲು ಬಾಗಿಲು ಮುಚ್ಚುವುದರೊಳಗಾಗಿ ಅದು ಒಳಹೊಕ್ಕಿರುತ್ತದೆ. ತುಸು ಮಂದವಾದ ಪಾನೀಯ ನಿಧಾನವಾಗಿ ಇಳಿಯುವುದರಿಂದ ಗಂಟಲಿಗೆ ಅವಕಾಶ ಸಿಗುತ್ತದೆ. ತೀರ ಮಂದವಾದರೆ ಗಂಟಲಿನಲ್ಲಿಯೇ ಅಂಟಿ ನಿಲ್ಲುವ ಭಯ. ಆದುದರಿಂದ ಯಾರಿಗೆ ಎಷ್ಟು ಮಂದ ಎಂಬುದನ್ನು ಪರೀಕ್ಷೆಯಿಂದಲೇ ಗೊತ್ತುಮಾಡಬೇಕು.

ಈ ಮಂದತೆಯನ್ನು ಅಳೆಯಲು ಮೊದಲು ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕವಿದ್ದಿತು. ೨೦೧೩ರಲ್ಲಿ ಹಲವು ದೇಶಗಳ ತಜ್ಞರು ಒಟ್ಟುಗೂಡಿ ಕೆಲಸ ಆರಂಭಿಸಿ, ಪಾನೀಯ ಮತ್ತು ಆಹಾರಗಳನ್ನು ೦ಯಿಂದ ೭ರವರೆಗಿನ ಎಂಟು ಮೆಟ್ಟಲುಗಳಾಗಿ ವಿಂಗಡಿಸಿದರು. ಪಾನೀಯದ ಪರೀಕ್ಷೆ ಬಲು ಸರಳ. ನಿಗದಿತ ಅಳತೆಯ ೧೦ ಮಿಲಿಲೀಟರ್ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ, ಪಾನೀಯವನ್ನು ತುಂಬಿ, ಬೆರಳು ತೆಗೆದು ೧೦ ಸೆಕೆಂಡು ಹರಿಯಲು ಬಿಡಬೇಕು. ೧ ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟೇ ತೆಳು. ೧ರಿಂದ ೪ ಉಳಿದರೆ ಒಂದನೆಯ ಮೆಟ್ಟಲು. ೪ರಿಂದ ೮ ಉಳಿದರೆ ಎರಡನೆಯದು. ಎಂಟಕ್ಕೂ ಮಿಕ್ಕು ಉಳಿದು ಇನ್ನೂ ತೊಟ್ಟಿಕ್ಕುತ್ತಿದ್ದರೆ ಮೂರನೆಯದು.

ಶಾಸ್ತ್ರದ ಈ ಮೆಟ್ಟಲುಗಳನ್ನು ಕನ್ನಡದ ಅಡಿಗೆಮನೆಗೆ ಇಳಿಸುವುದು ಚಿಕಿತ್ಸಕಿಯ ಹೊಣೆ. ರಾಗಿ ಗಂಜಿ ಬಿಸಿಯಾಗಿದ್ದಾಗ ತೆಳು, ಆರಿದಾಗ ಮಂದ. ಆದುದರಿಂದ ಕುಡಿಸುವ ಹದಕ್ಕೆ ಆರಿದ ಮೇಲೆಯೇ ಅಳೆಯಬೇಕು. ಬಾಯಲ್ಲಿ ಬಹಳ ಹೊತ್ತು ಉಳಿದರೆ ಎಂಜಲು ಬೆರೆತು ಗಂಜಿ ಮತ್ತೆ ತೆಳುವಾಗುವುದೂ ಉಂಟು. ಸಾರನ್ನ ಮೆತ್ತಗಿದೆಯೆಂದು ತೋರಿದರೂ ಅದರಲ್ಲಿ ತಿಳಿಯೂ ಅಗುಳೂ ಬೇರೆಬೇರೆಯಾಗಿರುತ್ತವೆ. ಅಗುಳನ್ನು ಅಗಿಯುತ್ತಿರುವಷ್ಟರಲ್ಲಿ ತಿಳಿ ಮುಂದೋಡಿ ಗಂಟಲಿಗೆ ಜಾರುತ್ತದೆ. ಅದನ್ನೇ ಚೆನ್ನಾಗಿ ಮಸೆದು ಒಂದೇ ಹದಕ್ಕೆ ತಂದರೆ ಅಪಾಯ ಕಡಿಮೆ. ಮುದ್ದೆ ಮೃದುವಲ್ಲವೆ ಎಂದು ಹಳೆಯ ಮೈಸೂರಿನ ಕಡೆಯವರು ಕೇಳುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆ. ಹಾಗೆ ನುಂಗಲು ಗಂಟಲಿಗೆ ತುಂಬು ಶಕ್ತಿಯಿರಬೇಕು. ಅವಲಕ್ಕಿ, ಮಂಡಕ್ಕಿ, ಹುರಿಗಾಳುಗಳಂಥ ಒಣಪದಾರ್ಥಗಳು ಪುಡಿಯಾಗಿ ಚದರುವುದರಿಂದ ಅವನ್ನು ಬಹುದಿನ ದೂರವೇ ಇಡಬೇಕು.

ಕದ್ದು ಕೊಟ್ಟ ಕಾಫಿ

ಇಷ್ಟೆಲ್ಲ ಲೆಕ್ಕಾಚಾರವನ್ನು ಒಂದು ಕ್ಷಣದಲ್ಲಿ ಮುರಿಯಬಲ್ಲ ಶಕ್ತಿ ಒಂದಿದೆ. ಅದು ಮನೆಯವರ ಪ್ರೀತಿ.

ಉಣಬಡಿಸುವುದು ನಮ್ಮಲ್ಲಿ ಮಮತೆಯ ಮೊದಲ ಭಾಷೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯೊಬ್ಬಳ ಮುಂದೆ ಗಂಡ ಮೂಗಿನಲ್ಲಿ ರೈಲ್ಸ್ ನಳಿಕೆಯಿಟ್ಟುಕೊಂಡು ಮಲಗಿದ್ದಾನೆ. ಬಾಯಿ ಒಣಗಿದೆ, ಕಣ್ಣಿನಲ್ಲೇ ನೀರು ಬೇಡುತ್ತಾನೆ. ‘ಬಾಯಿಯಿಂದ ಏನನ್ನೂ ಕೊಡಕೂಡದು’ ಎಂಬ ಫಲಕ ತಲೆದೆಸೆಯಲ್ಲಿ ತೂಗುತ್ತಿದೆ. ಸಂಜೆಯ ಹೊತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ ಬರುತ್ತದೆ. ನರ್ಸು ಆಚೆ ಹೋದಾಗ ಎರಡು ಚಮಚ ಒಳಗೆ ಹೋಗುತ್ತದೆ. “ಪಾಪ, ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುತ್ತಿದ್ದ ಜೀವ” ಎಂಬುದು ಸಮಾಧಾನ. ಇಂಥ ಪ್ರಸಂಗವನ್ನು ಕಾಣದ ವಾರ್ಡು ಇಲ್ಲವೆಂದರೂ ಸಲ್ಲುತ್ತದೆ.

ಅನುಭವವಿಲ್ಲದ ಚಿಕಿತ್ಸಕಿ ಇದನ್ನು ಕಂಡು ಗದರಬಹುದು. ಗದರಿದರೆ ಫ್ಲಾಸ್ಕು ಇನ್ನಷ್ಟು ಗುಟ್ಟಾಗಿ ಬರುತ್ತದೆ, ಅಷ್ಟೆ. ಪಳಗಿದವಳು ಆ ಗೃಹಿಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಟಲಿನ ಚಿತ್ರ ತೋರಿಸಿ, “ಅಮ್ಮ, ನೀವು ಕೊಟ್ಟ ಕಾಫಿ ಹೊಟ್ಟೆಗೆ ಹೋಗಲಿಲ್ಲ, ಇಲ್ಲಿಗೆ ಹೋಯಿತು. ಇವರಿಗೆ ಕಾಫಿ ಕೊಡುವ ದಿನ ಬರಲೆಂದೇ ನಾನು ಬರುತ್ತಿದ್ದೇನೆ. ಅಲ್ಲಿಯವರೆಗೆ ನೀವು ಮಾಡಬಹುದಾದ ಕೆಲಸವೊಂದಿದೆ” ಎಂದು ಹೇಳುತ್ತಾಳೆ. ಆ ಕೆಲಸ ಬಾಯಿಯನ್ನು ಸ್ವಚ್ಛವಾಗಿಡುವುದು. ದಿನಕ್ಕೆ ಹಲವು ಬಾರಿ ಹಲ್ಲು, ನಾಲಗೆ, ವಸಡುಗಳನ್ನು ಒರೆಸಬೇಕು. ತುಟಿಗೆ ತೇವ ಸವರಬೇಕು. ಎಂಜಲೂ ಶ್ವಾಸನಾಳಕ್ಕೆ ಜಾರುವುದರಿಂದ, ಕೊಳಕು ಬಾಯಿಯ ಕ್ರಿಮಿಗಳೇ ನ್ಯುಮೋನಿಯಕ್ಕೆ ಬೀಜವಾಗುತ್ತವೆ. ಸೇವೆ ಮಾಡಲು ಏನಾದರೊಂದು ದಾರಿ ಸಿಕ್ಕಿದ ಕೈ ಕಳ್ಳತನಕ್ಕೆ ಹೋಗುವುದಿಲ್ಲ.

ಅದೃಷ್ಟವಶಾತ್ ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ಗಂಟಲು ಚೇತರಿಸಿಕೊಳ್ಳುತ್ತದೆ. ಆಗ ಚಿಕಿತ್ಸಕಿ ಮೆಟ್ಟಲು ಮೆಟ್ಟಲಾಗಿ ಆಹಾರವನ್ನು ಏರಿಸುತ್ತಾಳೆ. ನೇರವಾಗಿ ಕೂರುವುದು, ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು, ತಕ್ಕವರಿಗೆ ಗಲ್ಲವನ್ನು ಎದೆಯ ಕಡೆ ಬಾಗಿಸಿ ನುಂಗುವ ಅಭ್ಯಾಸ, ಊಟವಾದ ಮೇಲೆ ಅರ್ಧ ಗಂಟೆ ಮಲಗದಿರುವುದು ಇವೆಲ್ಲ ಆ ಶಿಕ್ಷಣದ ಪಾಠಗಳು.

ಎಲ್ಲರ ಕಥೆಯೂ ಹೀಗೆ ಸುಖಾಂತವಾಗುವುದಿಲ್ಲ. ಚೇತರಿಕೆ ತಡವಾದವರಿಗೆ ಹೊಟ್ಟೆಯ ಮೇಲ್ಭಾಗದಿಂದ ನೇರವಾಗಿ ಜಠರಕ್ಕೆ ನಳಿಕೆ ಹಾಕಬೇಕಾಗಬಹುದು. ಇನ್ನು ಕೆಲವರು ಕೊನೆಯ ಹಂತದ ರೋಗದಲ್ಲಿರುವ ವೃದ್ಧರು. “ನಳಿಕೆ ಬೇಡ, ಇರುವಷ್ಟು ದಿನ ನಾಲಗೆಗೆ ರುಚಿಯಾದರೂ ಸಿಗಲಿ” ಎಂದು ಅವರು ಕೇಳಿದರೆ ಏನು ಮಾಡಬೇಕು? ಬೇಡವೆಂದರೆ ಬದುಕಿನ ಉಳಿದ ಸುಖವನ್ನು ಕಸಿದಂತೆ. ಬೇಕೆಂದರೆ ಅಪಾಯವನ್ನು ಆಹ್ವಾನಿಸಿದಂತೆ. ಇಲ್ಲಿ ಚಿಕಿತ್ಸಕಿ ತೀರ್ಪುಗಾರ್ತಿಯಲ್ಲ. ಅಪಾಯವೆಷ್ಟೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ವೈದ್ಯರೂ ಮನೆಯವರೂ ರೋಗಿಯೂ ಕೂಡಿ ನಿರ್ಧರಿಸಲು ನೆರವಾಗಿ, ಕೊಡುವುದೆಂದು ನಿರ್ಧಾರವಾದರೆ ಆದಷ್ಟು ಕಡಿಮೆ ಅಪಾಯದ ತುತ್ತು ಯಾವುದೆಂದು ತೋರಿಸಿಕೊಡುವುದು ಆಕೆಯ ಕರ್ತವ್ಯ.

ಕಳೆದುಹೋದ ಪದಗಳು

ಲಕ್ವ ಮಿದುಳಿನ ಎಡಭಾಗಕ್ಕೆ ತಗುಲಿದರೆ ಬಲಗೈ ಬಲಗಾಲುಗಳ ಜೊತೆಗೆ ಭಾಷೆಯೂ ಸೋಲುವುದುಂಟು. ಇದಕ್ಕೆ ಅಫೇಸಿಯ ಎಂದು ಹೆಸರು. ೧೮೬೧ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಪರೀಕ್ಷಿಸಿದ. ಏನು ಕೇಳಿದರೂ ‘ಟ್ಯಾನ್, ಟ್ಯಾನ್’ ಎಂಬುದಷ್ಟೇ ಆತನ ಉತ್ತರ. ಆದರೆ ಹೇಳಿದುದು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಆತ ತೀರಿಕೊಂಡ ಮೇಲೆ ಮಿದುಳನ್ನು ನೋಡಿದಾಗ ಎಡಭಾಗದ ಮುಂದಿನ ಹಾಲೆ ಕೆಟ್ಟಿರುವುದು ಕಂಡುಬಂದಿತು. ೧೮೭೪ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಆ ರೋಗಿಗಳು ಸರಾಗವಾಗಿ ಮಾತನಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ. ಇತರರ ಮಾತೂ ಅವರಿಗೆ ತಿಳಿಯುವುದಿಲ್ಲ.

ಎರಡೂ ಬಗೆಯವರನ್ನು ಕಂಡ ನೆರೆಹೊರೆಯವರು “ಪಾಪ, ಬುದ್ಧಿ ಕೆಟ್ಟಿತು” ಎಂದುಬಿಡುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅಫೇಸಿಯದಲ್ಲಿ ಕೆಡುವುದು ಭಾಷೆ. ಮಕ್ಕಳು ಯಾರು, ಮನೆಯ ಸಾಲವೆಷ್ಟು, ತನ್ನನ್ನು ನೋಡಿ ಯಾರು ಮರುಗಿದರು, ಯಾರು ನಕ್ಕರು ಎಂಬುದೆಲ್ಲ ಅವರಿಗೆ ಗೊತ್ತು. ಹೇಳಲು ಪದ ಸಿಗದು. ಕಚೇರಿಯಲ್ಲಿ ನೂರು ಕಡತ ನೋಡುತ್ತಿದ್ದ ಮನುಷ್ಯ ನೀರು ಬೇಕೆನ್ನಲು ‘ಕುರ್ಚಿ’ ಎಂದುಬಿಡುತ್ತಾನೆ. ತಪ್ಪಾಯಿತೆಂದು ತಿಳಿದು ಅಳುತ್ತಾನೆ.

ಇಂಥವರ ಬಳಿ ಚಿಕಿತ್ಸಕಿ ಕೇಳುವ ಮೊದಲ ಪ್ರಶ್ನೆ, “ಮನೆಯಲ್ಲಿ ಯಾವ ಭಾಷೆ?” ಎಂಬುದು. ಕರ್ನಾಟಕದಲ್ಲಿ ಇದು ಸುಲಭದ ಪ್ರಶ್ನೆಯಲ್ಲ. ಮಂಗಳೂರಿನ ಗುಮಾಸ್ತನೊಬ್ಬ ತಾಯಿಯೊಡನೆ ತುಳು, ಪೇಟೆಯಲ್ಲಿ ಕೊಂಕಣಿ, ಬ್ಯಾಂಕಿನಲ್ಲಿ ಕನ್ನಡ, ಪತ್ರದಲ್ಲಿ ಇಂಗ್ಲಿಷು ಬಳಸುತ್ತಿರಬಹುದು. ಲಕ್ವದ ಅನಂತರ ಎಲ್ಲ ಭಾಷೆಗಳೂ ಒಂದೇ ಸಮನಾಗಿ ಹಿಂದಿರುಗುತ್ತವೆಂದು ಹೇಳಲಾಗದು. ಒಂದು ಭಾಷೆಯಲ್ಲಿ ಮಾತ್ರ ಪರೀಕ್ಷಿಸಿ ‘ಮಾತಿಲ್ಲ’ ಎಂದು ಬರೆದರೆ, ಇನ್ನೊಂದು ಭಾಷೆಯಲ್ಲಿ ಉಳಿದಿದ್ದ ಮಾತು ಯಾರ ಗಮನಕ್ಕೂ ಬಾರದೆ ಹೋದೀತು.

ಪದ ಸಿಗದವರಲ್ಲಿಯೂ ಬಾಯಿಪಾಠವಾದದ್ದು ಉಳಿದಿರುವುದು ಈ ರೋಗದ ಒಂದು ವಿಸ್ಮಯ. ಹೆಂಡತಿಯ ಹೆಸರು ಹೇಳಲಾರದವರು ‘ಸೋಮವಾರ’ ಎಂದು ಎತ್ತಿಕೊಟ್ಟರೆ ಭಾನುವಾರದವರೆಗೂ ಹೇಳಿ ಮುಗಿಸುತ್ತಾರೆ. ಬಾಲ್ಯದಲ್ಲಿ ಕಲಿತ ಮಗ್ಗಿ, ಶ್ಲೋಕ, ದೇವರನಾಮಗಳು ರಾಗದ ಜೊತೆಯಲ್ಲಿ ಹೊರಬರುವುದೂ ಉಂಟು. ಈ ಗುಣವನ್ನು ಬಳಸಿಕೊಂಡು, ದಿನಬಳಕೆಯ ವಾಕ್ಯಗಳನ್ನು ರಾಗವಾಗಿ ಎಳೆದು, ಕೈಯಿಂದ ತಾಳ ಹಾಕಿಸಿ ಕಲಿಸುವ ಚಿಕಿತ್ಸೆಯನ್ನು ೧೯೭೩ರಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ಪ್ರಕಟಿಸಿದರು. ಹಾಗೆಂದ ಮಾತ್ರಕ್ಕೆ ಹಾಡು ಬಂದವರಿಗೆಲ್ಲ ಮಾತು ಬರುತ್ತದೆಂದಲ್ಲ. ಹಾಡಿನಿಂದ ಮಾತಿಗೆ ಬರುವ ಹಾದಿಯನ್ನು ತಿಂಗಳುಗಟ್ಟಲೆ ಸವೆಸಬೇಕು.

ಆ ಹಾದಿಯಲ್ಲಿ ಮನೆಯವರ ಪಾಲು ಚಿಕಿತ್ಸಕಿಯ ಪಾಲಿಗಿಂತ ಹೆಚ್ಚು. ರೋಗಿ ಕಿವುಡನಲ್ಲ, ಕೂಗಬೇಕಾದುದಿಲ್ಲ. ಒಬ್ಬೊಬ್ಬರಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಎದುರಿಗೆ ಕುಳಿತು ಮಾತನಾಡಬೇಕು. ‘ಹೌದು’, ‘ಇಲ್ಲ’ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳಬೇಕು. ಪದ ತಡವಾದರೆ ತಾವೇ ಹೇಳಿಬಿಡದೆ ಕಾಯಬೇಕು. ಈ ಕಾಯುವಿಕೆ ಹೇಳುವಷ್ಟು ಸುಲಭವಲ್ಲ.

ಕೊರಳು ಕೊಟ್ಟು ಪ್ರಾಣ ಉಳಿಸಿಕೊಂಡವರು

ಆಸ್ಪತ್ರೆಯ ಇನ್ನೊಂದು ಮೂಲೆಯಲ್ಲಿ ಗಂಟಲಿನ ಕ್ಯಾನ್ಸರಿನವರಿದ್ದಾರೆ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳ ಚಟಕ್ಕೆ ಇವರಲ್ಲಿ ಅನೇಕರು ಬೆಲೆ ತೆತ್ತವರು. ರೋಗ ಬೆಳೆದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಗುತ್ತದೆ. ಇಂಥ ಶಸ್ತ್ರಚಿಕಿತ್ಸೆಯನ್ನು ೧೮೭೩ರಲ್ಲಿ ವಿಯೆನ್ನದ ಥಿಯೊಡೋರ್ ಬಿಲ್‌ರೋತ್ ಮಾಡಿದ. ಅನಂತರ ರೋಗಿ ಉಸಿರಾಡುವುದು ಕುತ್ತಿಗೆಯ ಮುಂಭಾಗದಲ್ಲಿ ಮಾಡಿದ ರಂಧ್ರದಿಂದ. ಬಾಯಿಗೆ ಗಾಳಿಯಿಲ್ಲ; ಗಾಳಿಯಿಲ್ಲದೆ ಸ್ವರವಿಲ್ಲ.

ಚಿಕಿತ್ಸಕಿ ಇವರನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಾಣಬೇಕು. ಅರಿವಳಿಕೆಯಿಂದ ಎದ್ದ ಮೇಲೆ ಕೂಗಲು ಹೋಗಿ ಸ್ವರವಿಲ್ಲವೆಂದು ತಿಳಿಯುವುದು ಕ್ರೂರ. ಆದುದರಿಂದ ಮುಂದೇನಾಗುವುದೆಂಬುದನ್ನು ತಿಳಿಸಿ, ಮೂರು ದಾರಿಗಳನ್ನು ವಿವರಿಸುತ್ತಾಳೆ. ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನಂತೆ ಹೊರಬಿಟ್ಟು ಮಾತಾಗಿಸುವುದು ಒಂದು. ಕುತ್ತಿಗೆಗೆ ಒತ್ತಿ ಹಿಡಿಯುವ ವಿದ್ಯುತ್ ಯಂತ್ರದ ಕಂಪನದಿಂದ ಮಾತನಾಡುವುದು ಎರಡನೆಯದು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಕವಾಟವನ್ನು ಕೂರಿಸಿ, ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರನ್ನು ಗಂಟಲಿನತ್ತ ತಿರುಗಿಸುವುದು ಮೂರನೆಯದು. ಈ ಕವಾಟವನ್ನು ೧೯೮೦ರ ಸುಮಾರಿಗೆ ಬಳಕೆಗೆ ತಂದವರು ಎರಿಕ್ ಬ್ಲೋಮ್ ಎಂಬ ವಾಕ್ ಚಿಕಿತ್ಸಕ ಮತ್ತು ಮಾರ್ಕ್ ಸಿಂಗರ್ ಎಂಬ ಶಸ್ತ್ರವೈದ್ಯ. ಹೊರದೇಶದ ಕವಾಟಕ್ಕೆ ಸಾವಿರಾರು ರೂಪಾಯಿ ತೆರಬೇಕು. ಅದನ್ನು ಆಗಾಗ ಬದಲಾಯಿಸಲೂ ಬೇಕು. ಬಡವರಿಗೆ ಇದು ನಿಲುಕದೆಂಬುದನ್ನು ಕಂಡು ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾಕ್ಟರ್ ವಿಶಾಲ್ ರಾವ್ ಅವರು ಮಿತ್ರರಾದ ಶಶಾಂಕ್ ಮಹೇಶರೊಡಗೂಡಿ ‘ಓಂ’ ಎಂಬ ಹೆಸರಿನ ಕವಾಟವನ್ನು ರೂಪಿಸಿ, ಕೇವಲ ೫೦ ರೂಪಾಯಿಗೆ ದೊರಕಿಸುವ ಪ್ರಯತ್ನ ಮಾಡಿದುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ.

ತೀವ್ರನಿಗಾ ಘಟಕದಲ್ಲಿ ಗಂಟಲಿಗೆ ಉಸಿರಾಟದ ನಳಿಕೆ ಹಾಕಿಸಿಕೊಂಡು ಎಚ್ಚರವಾಗಿ ಮಲಗಿರುವವರ ಪಾಡು ಇನ್ನೂ ಕಠಿಣ. ನೋವೆಲ್ಲಿದೆ ಎಂದು ಹೇಳಲೂ ಅವರಿಗೆ ದಾರಿಯಿಲ್ಲ. ಇವರಿಗೆ ಚಿಕಿತ್ಸಕಿ ಚಿತ್ರಫಲಕವನ್ನೋ ಅಕ್ಷರಫಲಕವನ್ನೋ ತರುತ್ತಾಳೆ. ನಮ್ಮ ವರ್ಣಮಾಲೆ ಕವರ್ಗ, ಚವರ್ಗ ಎಂದು ಸಾಲುಸಾಲಾಗಿರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಮೊದಲು ಸಾಲನ್ನು ತೋರಿಸುತ್ತ ಹೋಗಿ, ರೋಗಿ ಕಣ್ಣು ಮಿಟುಕಿಸಿದೆಡೆ ನಿಂತು, ಬಳಿಕ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸಬಹುದು. ಹೀಗೆ ಕೂಡಿಸಿದ ಎರಡು ಪದಗಳಿಗೆ ಹತ್ತು ನಿಮಿಷ ಹಿಡಿದರೂ ರೋಗಿಯ ಮುಖದಲ್ಲಿ ಮೂಡುವ ನೆಮ್ಮದಿ ದೊಡ್ಡದು.

ಮೈಸೂರಿನ ವಿದ್ಯೆ

ಈ ವಿದ್ಯೆಗೆ ಭಾರತದಲ್ಲಿ ಬೇರು ಬಿಟ್ಟ ಊರುಗಳಲ್ಲಿ ಮೈಸೂರು ಮುಖ್ಯವಾದುದು. ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ೧೯೬೫ರಲ್ಲಿ ಇಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸ್ಥಾಪಿಸಿತು. ಮಾನಸಗಂಗೋತ್ರಿಯ ಆವರಣದಲ್ಲಿರುವ ಈ ಸಂಸ್ಥೆಯಲ್ಲಿ ಕಲಿತವರು ದೇಶದ ಮೂಲೆಮೂಲೆಗಳಲ್ಲಿಯೂ ಹೊರದೇಶಗಳಲ್ಲಿಯೂ ದುಡಿಯುತ್ತಿದ್ದಾರೆ. ಇಂಗ್ಲಿಷಿನಲ್ಲಿ ಹುಟ್ಟಿದ ಪರೀಕ್ಷೆಗಳನ್ನು ಕನ್ನಡಕ್ಕೆ ಹಾಗೆಯೇ ತಿರುಗಿಸಿದರೆ ಸಾಲದು. ನಮ್ಮ ‘ಳ’ಕಾರ, ‘ಣ’ಕಾರ, ಮಹಾಪ್ರಾಣ, ವಿಭಕ್ತಿಗಳಿಗೆ ಅವುಗಳಲ್ಲಿ ಎಡೆಯಿಲ್ಲ. ಕನ್ನಡದ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆಯನ್ನು ಈ ಸಂಸ್ಥೆಯ ವಿದ್ವಾಂಸರು ೧೯೭೨ರಲ್ಲಿಯೇ ಪ್ರಕಟಿಸಿದರು. ವೃತ್ತಿಗೆ ಪದವಿ ಬೇಕು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ನೋಂದಣಿಯೂ ಬೇಕು. ಆದರೂ ದೊಡ್ಡ ನಗರಗಳ ಆಚೆ ಇಂಥ ಚಿಕಿತ್ಸಕರು ಇಂದಿಗೂ ವಿರಳ. ಲಕ್ವವಾದರೋ ಊರು ನೋಡಿ ಬರುವುದಿಲ್ಲ.

ಆದುದರಿಂದ ಗೃಹಸ್ಥರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳಿತು. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕದೆ ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ಮನೆಯಲ್ಲಿರುವ ವೃದ್ಧರು ಊಟದ ಹೊತ್ತಿನಲ್ಲಿ ಪದೇ ಪದೇ ಕೆಮ್ಮಿದರೆ, ಉಂಡ ಮೇಲೆ ಅವರ ಸ್ವರ ಗುಳುಗುಳು ಎಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಮತ್ತೆ ಮತ್ತೆ ಎದೆಯ ಸೋಂಕು ಬಂದರೆ ‘ವಯಸ್ಸಾಯಿತು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಶಸ್ತ್ರವೈದ್ಯನ ಕೆಲಸಕ್ಕೆ ಹೊಲಿಗೆಯ ಗುರುತಾದರೂ ಉಳಿಯುತ್ತದೆ. ವಾಕ್ ಚಿಕಿತ್ಸಕಿಯ ಕೆಲಸಕ್ಕೆ ಅಂಥ ಗುರುತಿಲ್ಲ. ಮನೆಗೆ ಹಿಂದಿರುಗಿದ ರೋಗಿ ಎಲೆಯ ಮುಂದೆ ಕುಳಿತು, ಮಸೆದ ಅನ್ನದ ಮೊದಲ ತುತ್ತನ್ನು ಕೆಮ್ಮದೆ ನುಂಗಿ, ಪದಕ್ಕಾಗಿ ತಡಕಾಡಿ, ಕೊನೆಗೆ “ಉಪ್ಪು ಸಾಲದು” ಎಂದು ಹೆಂಡತಿಯ ಮೇಲೆ ಸಿಡುಕಿದರೆ, ಆ ಮನೆಯಲ್ಲಿ ಅಂದು ಜಗಳಕ್ಕೆ ಬದಲು ಹಬ್ಬವಾಗುತ್ತದೆ. ಅಷ್ಟಾದರೆ ತನ್ನ ಶ್ರಮ ಸಾರ್ಥಕವೆಂದು ಚಿಕಿತ್ಸಕಿ ಭಾವಿಸುತ್ತಾಳೆ.